ಹಳೆಯ ಕಾರಿಗೆ ‘ಕ್ಲೋಸ್ ರೇಶಿಯೊ’ ಗೇರ್‌ಬಾಕ್ಸ್ ಹಾಕಿಸಿದರೆ ವೇಗ ಹೆಚ್ಚುತ್ತದೆಯೇ?

ಮೈಸೂರಿನ ಹುಣಸೂರು ರಸ್ತೆಯಲ್ಲಿ, ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಆಸುಪಾಸಿನ ಟೀ ಅಂಗಡಿಯೊಂದರ ಮುಂದೆ ಹತ್ತು ನಿಮಿಷ ನಿಂತರೆ ಬೇರಿಂಗ್, ಆಕ್ಸಲ್, ಗೇರ್‌ಗಳ ಮಾತು ಕಿವಿಗೆ ಬೀಳದೆ ಇರದು. ಲಾರಿ, ಬಸ್ಸುಗಳಿಗೆ ಆಕ್ಸಲ್ ತಯಾರಿಸುವ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಇರುವುದು ಇಲ್ಲೇ. ಇನ್ನು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಕಟ್ಟಿ ಕಳಿಸಿದ ಊರು ಇದು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ ಆ ಬೈಕನ್ನು ಓಡಿಸಿದವರು ಮನೆಗೊಬ್ಬರಾದರೂ ಸಿಗುವ ಕಾಲವೊಂದಿತ್ತು. ಹಾಗಾಗಿ ಗೇರ್‌ಬಾಕ್ಸ್ ಬಗ್ಗೆ ಇಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇರುವುದು ಸಹಜ.

ಅಂಥ ಅಭಿಪ್ರಾಯಗಳಲ್ಲಿ ಒಂದು: “ಅಣ್ಣಾ, ತಾತನ ಕಾಲದ ಕಾರಿಗೆ ಒಂದು ಕ್ಲೋಸ್ ರೇಶಿಯೊ ಬಾಕ್ಸ್ ಕೂರಿಸ್ಬಿಡಿ, ಗಾಡಿ ಹಾರುತ್ತೆ!”

ಹಾರುತ್ತದೆಯೇ? ಇದನ್ನು ನಂಬಿ ಒಳ್ಳೆಯ ಸ್ಥಿತಿಯಲ್ಲಿದ್ದ ಮೂಲ ಗೇರ್‌ಬಾಕ್ಸನ್ನು ಗುಜರಿಗೆ ಹಾಕಿ, ಆಮೇಲೆ ಏರು ರಸ್ತೆಯಲ್ಲಿ ಕ್ಲಚ್ ಸುಟ್ಟ ವಾಸನೆ ಬಂದಾಗ ತಲೆ ಮೇಲೆ ಕೈ ಹೊತ್ತು ಕೂತವರಿದ್ದಾರೆ. ಹಳೆಯ ಕಾರುಗಳ ಬಿಡಿಭಾಗ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಆದ್ದರಿಂದ ಈ ಮಾತನ್ನು ಸ್ವಲ್ಪ ಬಿಚ್ಚಿ ನೋಡೋಣ.

ಗೇರ್‌ಬಾಕ್ಸ್ ಮಾಡುವ ಕೆಲಸವೇನು?

ಗೇರ್‌ಬಾಕ್ಸ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ ಕೊಟ್ಟದ್ದನ್ನು ಚಿಲ್ಲರೆ ಮಾಡಿ ಕೊಡುತ್ತದೆ, ಅಷ್ಟೆ. ವೇಗ ಕಡಿಮೆ ಮಾಡಿದರೆ ತಿರುಗಿಸುವ ಬಲ, ಅಂದರೆ ಟಾರ್ಕ್, ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬಾವಿಯ ರಾಟೆಯನ್ನೋ ಸೈಕಲ್ಲಿನ ಚೈನನ್ನೋ ನೆನೆಸಿಕೊಂಡರೆ ಸಾಕು. ಮೊದಲ ಗೇರಿನ ಅನುಪಾತ 3.64 ಎಂದರೆ, ಎಂಜಿನ್ 3.64 ಸುತ್ತು ತಿರುಗಿದಾಗ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಘರ್ಷಣೆಯಲ್ಲಿ ಹೋಗುವ ಪಾಲನ್ನು ಬಿಟ್ಟರೆ, ಅದರ ಟಾರ್ಕ್ 3.64 ಪಟ್ಟಾಗುತ್ತದೆ.

ಹಿಂದಿನ ಚಕ್ರ ಎಳೆಯುವ ಹಳೆಯ ನಾಲ್ಕು ಗೇರಿನ ಕಾರುಗಳಲ್ಲಿ ನಾಲ್ಕನೆಯದು ಸಾಮಾನ್ಯವಾಗಿ ‘ಡೈರೆಕ್ಟ್’. ಒಳಗೆ ಬಂದ ಶಾಫ್ಟನ್ನೂ ಹೊರಗೆ ಹೋಗುವ ಶಾಫ್ಟನ್ನೂ ನೇರವಾಗಿ ಜೋಡಿಸಿಬಿಡುತ್ತಾರೆ. ಅನುಪಾತ 1. ಇದನ್ನು ನೆನಪಿಡಿ, ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

‘ಕ್ಲೋಸ್’ ಎಂದರೆ ಯಾವುದು ಹತ್ತಿರ?

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. 1955ರಲ್ಲಿ ಬಂದ ಬ್ರಿಟನ್ನಿನ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಅದರ ಮೊದಲ ಎಂಜಿನ್ 1489 ಸಿಸಿಯ ಬಿಎಂಸಿ ಬಿ-ಸೀರೀಸ್. ನಮ್ಮ ಅಂಬಾಸಿಡರ್ ಕಾರಿನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಮನೆತನದ್ದು, ಅಂದರೆ ದಾಯಾದಿಗಳು. ಹಾಗೆಂದು ಒಂದರ ಗೇರ್‌ಬಾಕ್ಸ್ ಇನ್ನೊಂದಕ್ಕೆ ಹಾಗೆಯೇ ಕೂರುತ್ತದೆ ಎಂದುಕೊಳ್ಳಬೇಡಿ. ಸ್ಟೇರಿಂಗ್ ಪಕ್ಕದಲ್ಲಿ ಲಿವರ್ ಇರುವ ಅಂಬಾಸಿಡರಿಗೂ ನೆಲದ ಮೇಲೆ ಲಿವರ್ ಇರುವ ಸ್ಪೋರ್ಟ್ಸ್ ಕಾರಿಗೂ ಗೇರ್ ಬದಲಿಸುವ ವ್ಯವಸ್ಥೆಯೇ ಬೇರೆ.

ಎಂಜಿಎಯ ಮಾಮೂಲಿ ಗೇರ್‌ಬಾಕ್ಸಿನ ಅನುಪಾತಗಳು ಸುಮಾರು 3.64, 2.21, 1.37, ಕೊನೆಯದು 1. ರೇಸ್ ಓಡಿಸುವವರಿಗೆಂದು ಕೊಡುತ್ತಿದ್ದ ಕ್ಲೋಸ್ ರೇಶಿಯೊ ಸೆಟ್ಟಿನಲ್ಲಿ ಸುಮಾರು 2.45, 1.62, 1.27, ಕೊನೆಯದು ಮತ್ತೆ 1.

ಕೊನೆಯ ಗೇರ್ ಎರಡರಲ್ಲೂ ಒಂದೇ ಅಲ್ಲವೇ? ಹಿಂದಿನ ಆಕ್ಸಲ್ ಅದೇ, ಟೈರ್ ಅದೇ, ಎಂಜಿನ್ ಅದೇ. ಹಾಗಿದ್ದ ಮೇಲೆ ಟಾಪ್ ಗೇರಿನಲ್ಲಿ ಕಾರಿನ ಗರಿಷ್ಠ ವೇಗ ಹೆಚ್ಚಲು ಕಾರಣವೇ ಇಲ್ಲ. “ಗಾಡಿ ಹಾರುತ್ತೆ” ಎಂಬ ಮಾತಿನ ಕಥೆ ಇಲ್ಲಿಗೆ ಮುಗಿಯಿತು.

ಮತ್ತೆ ರೇಸಿನವರು ಇದನ್ನೇಕೆ ಬಯಸುತ್ತಾರೆ? ಬದಲಾಗಿರುವುದು ಗೇರ್‌ಗಳ ನಡುವಿನ ಅಂತರ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿರುವಾಗ ಎರಡರಿಂದ ಮೂರಕ್ಕೆ ಗೇರ್ ಬದಲಿಸಿದಿರಿ ಎನ್ನಿ. ಮಾಮೂಲಿ ಬಾಕ್ಸಿನಲ್ಲಿ ಸುತ್ತು ಸುಮಾರು 3,700ಕ್ಕೆ ಬೀಳುತ್ತದೆ. ಕ್ಲೋಸ್ ರೇಶಿಯೊದಲ್ಲಿ 4,700ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಮೊದಲನೆಯದರಲ್ಲಿ ಸುಮಾರು 4,370, ಎರಡನೆಯದರಲ್ಲಿ 4,730. ರೇಸಿಗೆಂದು ಕ್ಯಾಮ್ ಶಾಫ್ಟ್ ಬದಲಿಸಿ ಸಿದ್ಧಪಡಿಸಿದ ಎಂಜಿನ್‌ಗಳಿಗೆ ಕೆಳಗಿನ ಸುತ್ತುಗಳಲ್ಲಿ ಜೀವವಿರುವುದಿಲ್ಲ, 4,000 ದಾಟಿದ ಮೇಲೆಯೇ ಮೈಚಳಿ ಬಿಡುತ್ತವೆ. ಅಂಥ ಎಂಜಿನ್ನನ್ನು 3,700ಕ್ಕೆ ಬೀಳಿಸಿದರೆ ಅದು ಮತ್ತೆ ಮೇಲೇಳುವ ಹೊತ್ತಿಗೆ ಪಕ್ಕದವನು ಮುಂದೆ ಹೋಗಿರುತ್ತಾನೆ. ಎಂಜಿನ್ನನ್ನು ಯಾವಾಗಲೂ ಅದಕ್ಕೆ ಹಿತವಾದ ಸುತ್ತುಗಳಲ್ಲೇ ಇಡುವುದು ಕ್ಲೋಸ್ ರೇಶಿಯೊದ ಏಕೈಕ ಉದ್ದೇಶ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳ ಮೂಲ ಎಂಜಿನ್‌ಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಸಂಸಾರಸ್ಥ ಎಂಜಿನ್‌ಗಳವು, ಕಡಿಮೆ ಸುತ್ತಿನಲ್ಲೇ ನಿಧಾನವಾಗಿ ಎಳೆಯುತ್ತವೆ. ಇವುಗಳ ಹಿಂದೆ ರೇಸ್ ಗೇರ್ ಕೂರಿಸಿದರೆ ಸಿಗುವ ಲಾಭ ಕೇಳುವ ಕಿವಿಗೆ ಮಾತ್ರ.

ಚಾಮುಂಡಿ ಬೆಟ್ಟದ ತಿರುವಿನಲ್ಲಿ

ಇನ್ನು ನಷ್ಟದ ಲೆಕ್ಕ. ಮೊದಲ ಗೇರ್ 3.64 ಇದ್ದದ್ದು 2.45 ಆಯಿತು. ಅಂದರೆ ನಿಂತ ಕಾರನ್ನು ಎಬ್ಬಿಸುವ ಬಲ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು.

ಎಂಜಿಎಯ ಹಿಂದಿನ ಆಕ್ಸಲಿನ ಅನುಪಾತ 4.3. ಟೈರಿನ ಸುತ್ತಳತೆ ಸುಮಾರು 2 ಮೀಟರ್ ಎಂದು ಹಿಡಿದರೆ, ಎಂಜಿನ್ 1,000 ಸುತ್ತಿನಲ್ಲಿರುವಾಗ ಮಾಮೂಲಿ ಮೊದಲ ಗೇರಿನಲ್ಲಿ ಕಾರಿನ ವೇಗ ಗಂಟೆಗೆ ಏಳೂವರೆ ಕಿ.ಮೀ. ಚಿಲ್ಲರೆ. ಕ್ಲೋಸ್ ರೇಶಿಯೊದಲ್ಲಿ 11 ಕಿ.ಮೀ. ದಾಟುತ್ತದೆ. ಕಾರು ಆ ವೇಗ ಮುಟ್ಟುವವರೆಗೂ ಕ್ಲಚ್ಚನ್ನು ಅರ್ಧ ಒತ್ತಿ ಜಾರಿಸುತ್ತಲೇ ಇರಬೇಕು. ಜಾರುವ ಕ್ಲಚ್ ಎಂದರೆ ಶಾಖ.

ಸಮತಟ್ಟಾದ ರೇಸ್ ಟ್ರ್ಯಾಕಿನಲ್ಲಿ ಇದು ಸಮಸ್ಯೆಯೇ ಅಲ್ಲ. ಅಲ್ಲಿ ಮೊದಲ ಗೇರ್ ಬೇಕಾಗುವುದು ರೇಸ್ ಶುರುವಾಗುವಾಗ ಒಂದೇ ಒಂದು ಸಲ. ಆದರೆ ಆಷಾಢ ಶುಕ್ರವಾರದ ನೂಕುನುಗ್ಗಲನ್ನು ಬಿಡಿ, ಮಾಮೂಲಿ ಭಾನುವಾರವೇ ಐದು ಜನ ಕೂತು ಚಾಮುಂಡಿ ಬೆಟ್ಟ ಹತ್ತುತ್ತಿರುವಾಗ ಮುಂದಿನ ಬಸ್ಸು ತಿರುವಿನಲ್ಲಿ ನಿಂತಿತು ಎನ್ನಿ. ಹ್ಯಾಂಡ್ ಬ್ರೇಕ್ ಹಾಕಿ, ಏರಿನಲ್ಲಿ ಮತ್ತೆ ಕಾರು ಎಬ್ಬಿಸಬೇಕು. ಹೀಗೆ ನಾಲ್ಕು ಸಲ ಮಾಡಿದರೆ ವಾಸನೆ ಬರುತ್ತದೆ, ಐದನೇ ಸಲ ಕಾರು ಹಿಂದಕ್ಕೆ ಜಾರಬಹುದು. ಹಿಂದೆ ಇರುವವರು ಯಾರೋ ಏನೋ!

ಆದ್ದರಿಂದ ನಮ್ಮ ಅಭಿಪ್ರಾಯ ಇದು: ಎಂಜಿನ್ನನ್ನೂ ರೇಸಿಗೆ ಸಿದ್ಧಪಡಿಸಿದ ಸ್ಪೋರ್ಟ್ಸ್ ಕಾರಾಗಿದ್ದರೆ ಕ್ಲೋಸ್ ರೇಶಿಯೊ ಹುಡುಕುವುದರಲ್ಲಿ ಅರ್ಥವಿದೆ. ಮನೆಮಂದಿಯೆಲ್ಲ ಕೂತು ಹೋಗುವ ಕಾರಾಗಿದ್ದರೆ ಮೂಲ ಗೇರ್‌ಬಾಕ್ಸನ್ನೇ ಚೆನ್ನಾಗಿ ರಿಪೇರಿ ಮಾಡಿಸಿ. ಬದಲಿಸಲೇಬೇಕೆಂಬ ಹಟವಿದ್ದರೂ ಹಳೆಯದನ್ನು ಎಣ್ಣೆ ಹಚ್ಚಿ, ಗೋಣಿಚೀಲ ಸುತ್ತಿ ಅಟ್ಟದ ಮೇಲಿಡಿ.

ಸಿಕ್ಕಿದ್ದು ನಿಜವಾಗಿಯೂ ಕ್ಲೋಸ್ ರೇಶಿಯೊ ಹೌದೇ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ, ಶಿವಾಜಿನಗರದ ಗುಜರಿಯಲ್ಲೋ, ಪರಿಚಯದವರ ಶೆಡ್ಡಿನಲ್ಲೋ ಒಂದು ಬಾಕ್ಸ್ ಸಿಕ್ಕಿತು ಎಂದುಕೊಳ್ಳಿ. ಮಾರುವವರು “ರೇಸ್ ಗಾಡೀದು ಸಾರ್” ಎನ್ನುತ್ತಾರೆ. ಹೊರಗಿನ ಕವಚ ನೋಡಿ ಏನೂ ಹೇಳಲಾಗದು. ಒಂದೇ ಕವಚದೊಳಗೆ ಎರಡೂ ಬಗೆಯ ಗೇರ್‌ಗಳು ಕೂರುತ್ತವೆ.

ಪರೀಕ್ಷೆ ಸುಲಭ, ಉಪಕರಣವೇ ಬೇಡ. ಒಳಬರುವ ಶಾಫ್ಟಿಗೊಂದು, ಹೊರಹೋಗುವ ಶಾಫ್ಟಿಗೊಂದು ಸುಣ್ಣದ ಗೆರೆ ಎಳೆಯಿರಿ. ಮೊದಲ ಗೇರಿಗೆ ಹಾಕಿ, ಒಳಬರುವ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಹೊರಗಿನದು ಸರಿಯಾಗಿ 10 ಸುತ್ತು ಮುಗಿಸುವಷ್ಟರಲ್ಲಿ ಒಳಗಿನದು ಎಷ್ಟು ಸುತ್ತಿತು ಎಂದು ಎಣಿಸಿ. ಮೇಲಿನ ಎಂಜಿಎ ಉದಾಹರಣೆಯಲ್ಲಿ ಮಾಮೂಲಿ ಬಾಕ್ಸಾದರೆ 36 ಸುತ್ತು ದಾಟುತ್ತದೆ, ಕ್ಲೋಸ್ ರೇಶಿಯೊ ಆದರೆ 24ರಿಂದ 25ರೊಳಗೆ ನಿಲ್ಲುತ್ತದೆ. ಒಂದು ಸುತ್ತು ಸಾಕಲ್ಲ, ಹತ್ತು ಏಕೆ ಎಂದರೆ, ಎಣಿಕೆಯಲ್ಲಿ ಕಾಲು ಸುತ್ತು ಹೆಚ್ಚುಕಡಿಮೆಯಾದರೂ ಉತ್ತರ ಕೆಡಬಾರದು ಎಂದು. ಎರಡು, ಮೂರನೇ ಗೇರಿಗೂ ಹೀಗೇ ಮಾಡಿ. ಹೇಳುವವರ ಮಾತಿಗಿಂತ ಈ ಎಣಿಕೆ ನಂಬಿಕಸ್ಥ.

“ಪೂರ್ತಿ ಸೆಟ್ ಯಾಕೆ, ಒಂದು ಗೇರ್ ಮಾತ್ರ ಬದಲಿಸಿದರಾಯಿತು” ಎನ್ನುವವರೂ ಇದ್ದಾರೆ. ಆಗದು, ಏಕೆಂದು ನೋಡಿ. ಒಳಗೆ ಕೆಳಭಾಗದಲ್ಲಿ ಲೇ ಶಾಫ್ಟ್, ಅದರ ಮೇಲೆ ಲೇ ಗೇರ್ ಇರುತ್ತದೆ. ಮೇಲೆ ಮೇನ್ ಶಾಫ್ಟ್. ಎರಡರ ನಡುವಿನ ದೂರವನ್ನು ಕವಚವೇ ನಿಗದಿ ಮಾಡಿರುತ್ತದೆ, ಒಂದು ಕೂದಲೆಳೆಯಷ್ಟೂ ಜರುಗಿಸಲಾಗದು. ಎಂದಮೇಲೆ ಒಂದು ಗೇರಿನ ಹಲ್ಲು ಹೆಚ್ಚಿದರೆ ಅದರ ಜೋಡಿಯ ಹಲ್ಲು ಕಡಿಮೆಯಾಗಲೇಬೇಕು. ಒಂದು ಕಾಲ್ಪನಿಕ ಲೆಕ್ಕ: ಲೇ ಗೇರಿನಲ್ಲಿ 22 ಹಲ್ಲು, ಮೇಲಿನದರಲ್ಲಿ 28, ಒಟ್ಟು 50. ಅನುಪಾತ ಇಳಿಸಲು ಕೆಳಗೆ 24, ಮೇಲೆ 26 ಮಾಡುತ್ತಾರೆ, ಒಟ್ಟು ಮತ್ತೆ 50. ಹಲ್ಲುಗಳ ಓರೆ ಕೂಡ ಜೋಡಿಗೆ ಜೋಡಿ ಹೊಂದಬೇಕು. ಅನೇಕ ಹಳೆಯ ಬಾಕ್ಸ್‌ಗಳಲ್ಲಿ ಲೇ ಗೇರ್ ಎನ್ನುವುದು ಒಂದೇ ಉಕ್ಕಿನ ತುಂಡಿನಲ್ಲಿ ಕಡೆದ ನಾಲ್ಕೈದು ಗೇರ್‌ಗಳ ಗೊಂಚಲು. ಒಂದನ್ನು ಬದಲಿಸಬೇಕೆಂದರೆ ಇಡೀ ಗೊಂಚಲನ್ನೇ ಬದಲಿಸಬೇಕು. ಆಗ ಮೇಲಿನ ಜೋಡಿಗಳೂ ಬದಲಾಗುತ್ತವೆ. ಹಾಗಾಗಿ ಕೊಳ್ಳುವಾಗ ಇನ್‌ಪುಟ್ ಶಾಫ್ಟ್, ಲೇ ಗೇರ್, ಮೇನ್ ಶಾಫ್ಟಿನ ಗೇರ್‌ಗಳು ಒಂದೇ ಸೆಟ್ಟಿನವೇ ಎಂದು ನೋಡಿಯೇ ಹಣ ಕೊಡಿ. ಎರಡು ಸತ್ತ ಬಾಕ್ಸ್‌ಗಳನ್ನು ಸೇರಿಸಿ ಒಂದು ಬದುಕಿದ ಬಾಕ್ಸ್ ಮಾಡಿರುವುದೂ ಉಂಟು.

ಬಿಚ್ಚುವ ಮೊದಲು ಕಿವಿ ಕೊಡಿ

ಗೇರ್ ಹಾಕುವಾಗ ಕರ್ರ್ ಎಂದರೆ “ಗೇರ್ ಹೋಯಿತು” ಎನ್ನುವುದು ಸಾಮಾನ್ಯ ನಂಬಿಕೆ. ಬಹಳ ಸಲ ಗೇರ್ ಚೆನ್ನಾಗಿಯೇ ಇರುತ್ತದೆ. ಹೋಗಿರುವುದು ಸಿಂಕ್ರೊ ರಿಂಗ್ ಎಂಬ ಹಿತ್ತಾಳೆ ಬಣ್ಣದ ಬಳೆ, ಇಲ್ಲವೇ ಪೂರ್ತಿ ಬಿಡದ ಕ್ಲಚ್. ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳನ್ನು ಉಜ್ಜಿ ಒಂದೇ ವೇಗಕ್ಕೆ ತರುವುದು, ಅಲ್ಲಿಯವರೆಗೆ ಹಲ್ಲುಗಳು ಒಳಸೇರದಂತೆ ತಡೆಯುವುದು ಆ ಬಳೆಯ ಕೆಲಸ. ಎಲ್ಲ ಗೇರಿನಲ್ಲೂ, ಅದರಲ್ಲೂ ರಿವರ್ಸ್ ಹಾಕುವಾಗ ಸದ್ದು ಬಂದರೆ ಮೊದಲು ಕ್ಲಚ್ ನೋಡಿಸಿ. ಒಂದೇ ಒಂದು ಗೇರಿಗೆ ಬಂದರೆ ಆ ಗೇರಿನ ಸಿಂಕ್ರೊ. ಕೆಲವು ಹಳೆಯ ಕಾರುಗಳಲ್ಲಿ ಮೊದಲ ಗೇರಿಗೆ ಸಿಂಕ್ರೊ ಇರಲೇ ಇಲ್ಲ. ಅಲ್ಲಿ ಸದ್ದು ಬಂದರೆ ದೋಷ ಕಾರಿನದಲ್ಲ, ಓಡಿಸುವವರದು!

ಓಡುವಾಗ ಒಂದು, ಎರಡು, ಮೂರರಲ್ಲಿ ಗುಂಯ್‌ಗುಟ್ಟಿ ಟಾಪ್‌ಗೆ ಬಂದಾಗ ಸುಮ್ಮನಾಗುತ್ತದೆಯೇ? ಟಾಪ್‌ನಲ್ಲಿ ಶಕ್ತಿ ನೇರವಾಗಿ ಹೋಗುವುದರಿಂದ ಲೇ ಗೇರಿನ ಮೇಲೆ ಹೊರೆಯಿರುವುದಿಲ್ಲ. ಅನುಮಾನ ಲೇ ಶಾಫ್ಟ್ ಮತ್ತು ಅದರ ಸೂಜಿ ಬೇರಿಂಗ್‌ಗಳ ಮೇಲೆ. ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಬರುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗನ್ನೂ ನೋಡಬೇಕು. ಓಡುತ್ತಿರುವಾಗ ಗೇರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂದರೆ ಡಾಗ್ ಹಲ್ಲುಗಳ ಸವಕಳಿ, ಸೋತ ಸ್ಪ್ರಿಂಗ್ ಅಥವಾ ಶಾಫ್ಟ್ ಹಿಂದೆಮುಂದೆ ಓಲಾಡುವುದು ಕಾರಣ. ಹಳೆಯ ಕಾರು ಕೊಳ್ಳುವವರು ಇನ್ನೊಂದನ್ನು ತಿಳಿದಿರಲಿ. ಸದ್ದು ಮುಚ್ಚಲು ಗೇರ್‌ಬಾಕ್ಸಿಗೆ ಮರದ ಹೊಟ್ಟು ಹಾಕುವ ಹಳೆಯ ಕುಯುಕ್ತಿ ಕಥೆಯಲ್ಲ. ಸದ್ದು ಕೆಲವು ದಿನ ತಗ್ಗುತ್ತದೆ, ಆಮೇಲೆ ಹೊಟ್ಟು ಎಣ್ಣೆಯ ದಾರಿಗಳನ್ನು ಕಟ್ಟಿ ಬೇರಿಂಗನ್ನು ತಿನ್ನುತ್ತದೆ. ಎಣ್ಣೆ ಬಿಡುವ ನಟ್ಟು ಬಿಚ್ಚಿಸಿ ಒಂದು ಲೋಟದಷ್ಟು ಎಣ್ಣೆ ಹಿಡಿದು ನೋಡಿದರೆ ಗುಟ್ಟು ರಟ್ಟು.

ಅದೇ ಎಣ್ಣೆಯಲ್ಲಿ ಇನ್ನೂ ಓದಲು ಬರುತ್ತದೆ. ಚಿನ್ನದ ಪುಡಿಯಂತೆ ಮಿನುಗಿದರೆ ಸಿಂಕ್ರೊ ರಿಂಗ್ ಸವೆಯುತ್ತಿದೆ. ಅಯಸ್ಕಾಂತಕ್ಕೆ ಅಂಟುವ ನುಣ್ಣನೆಯ ಕಪ್ಪು ಕೆಸರು ಸ್ವಲ್ಪ ಇದ್ದರೆ ಸಹಜ. ಚಕ್ಕೆ, ಚೂರು ಸಿಕ್ಕಿದರೆ ಬಾಕ್ಸ್ ಬಿಚ್ಚದೆ ಬೇರೆ ದಾರಿಯಿಲ್ಲ.

ಬಿಚ್ಚಿದ ಮೇಲೆ ಮೊದಲು ಲೇ ಶಾಫ್ಟ್ ನೋಡಿ. ಸೂಜಿ ಬೇರಿಂಗ್ ಓಡಾಡುವ ಜಾಗದಲ್ಲಿ ಉಗುರು ಎಳೆದರೆ ಗುಳಿ ತಾಕಬಾರದು. ತಾಕಿದರೆ ಅದರ ಗಟ್ಟಿ ಪದರ ಎದ್ದುಹೋಗಿದೆ, ಪಾಲಿಶ್ ಮಾಡಿ ಉಪಯೋಗವಿಲ್ಲ. ಸಿಂಕ್ರೊ ರಿಂಗನ್ನು ಗೇರಿನ ಕೋನಿನ ಮೇಲೆ ಒತ್ತಿ ತಿರುಚಿ. ಕಚ್ಚಿ ಹಿಡಿಯಬೇಕು. ರಿಂಗಿಗೂ ಗೇರಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಆ ಕಾರಿನ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಸಂದು ಮುಚ್ಚಿಹೋಗಿದ್ದರೆ ರಿಂಗ್ ಮುಗಿದಿದೆ. ಬೇರಿಂಗ್‌ಗಳು, ಸೀಲ್‌ಗಳು, ಥ್ರಸ್ಟ್ ವಾಷರ್‌ಗಳನ್ನು ಹೇಗೂ ಬಿಚ್ಚಿದ್ದಾಗಿದೆ, ಹೊಸದೇ ಹಾಕಿ. ಇಲ್ಲಿ ಉಳಿಸುವ ಹಣಕ್ಕಿಂತ ಮತ್ತೊಮ್ಮೆ ಬಿಚ್ಚುವ ಕೂಲಿ ಹೆಚ್ಚು. ಗೇರ್ ಆಯ್ಕೆಯ ರಾಡುಗಳನ್ನು ಎಳೆಯುವಾಗ ಮಾತ್ರ ಮೇಲೊಂದು ಬಟ್ಟೆ ಹಿಡಿದಿರಿ. ಸ್ಪ್ರಿಂಗಿನ ತುದಿಯ ಪುಟ್ಟ ಉಕ್ಕಿನ ಗುಂಡುಗಳು ಚಿಮ್ಮಿ ಶೆಡ್ಡಿನ ಯಾವ ಮೂಲೆ ಸೇರುತ್ತವೋ ಬಲ್ಲವರಾರು. ಒಮ್ಮೆ ಬಿಚ್ಚಿದವರಿಗೆಲ್ಲ ಇದು ಗೊತ್ತು.

ಮುರಿದ ಹಲ್ಲಿಗೆ ವೆಲ್ಡಿಂಗ್?

ಇದು ಅಪಾಯದ ವಿಷಯ. ಬಿಡಿಭಾಗ ಸಿಗದಿದ್ದಾಗ ಮುರಿದ ಹಲ್ಲಿನ ಜಾಗದಲ್ಲಿ ವೆಲ್ಡ್ ತುಂಬಿ, ಉಜ್ಜಿ ಆಕಾರ ಕೊಡುವವರಿದ್ದಾರೆ. ನೋಡಲು ಚೆನ್ನಾಗಿಯೇ ಕಾಣುತ್ತದೆ.

ಗೇರಿನ ಹಲ್ಲು ಹೊರಗೆ ಒಂದು, ಒಳಗೆ ಇನ್ನೊಂದು. ಕಡಿಮೆ ಇಂಗಾಲದ ಉಕ್ಕಿನಲ್ಲಿ ಗೇರ್ ಕಡೆದು, 900 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಮೇಲ್ಪದರಕ್ಕೆ ಇಂಗಾಲ ಇಳಿಸುತ್ತಾರೆ. ಆಮೇಲೆ ಎಣ್ಣೆಯಲ್ಲಿ ಅದ್ದಿ ಥಟ್ಟನೆ ತಣಿಸುತ್ತಾರೆ. ಕೊನೆಗೆ 150ರಿಂದ 200 ಡಿಗ್ರಿಯಲ್ಲಿ ಮತ್ತೆ ಹದವಾಗಿ ಕಾಯಿಸಿ ಬಿರುಸು ತಗ್ಗಿಸುತ್ತಾರೆ. ಹೊರಪದರ ಸವೆಯದಷ್ಟು ಗಟ್ಟಿ, ತಿರುಳು ಪೆಟ್ಟು ತಾಳುವಷ್ಟು ಗಡಸು. ಒಬ್ಬಟ್ಟಿನ ಕಣಕ, ಹೂರಣ ಇದ್ದಂತೆ, ಎರಡೂ ಹದವಾಗಿದ್ದರೇ ರುಚಿ. ವೆಲ್ಡಿಂಗಿನ ಶಾಖ ಈ ಹದವನ್ನೇ ಕೆಡಿಸುತ್ತದೆ. ಪಕ್ಕದ ಹಲ್ಲುಗಳ ಪದರ ಮೆದುವಾಗುತ್ತದೆ, ಇಂಗಾಲ ಹೆಚ್ಚಿರುವ ಕಡೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಹಲ್ಲು ಮತ್ತೆ ಮುರಿಯುವುದು ಬಹುತೇಕ ಹೊರೆ ಹೆಚ್ಚಿರುವಾಗಲೇ. ಮುರಿದ ಚೂರು ತಿರುಗುತ್ತಿರುವ ಎರಡು ಗೇರ್‌ಗಳ ನಡುವೆ ಸಿಕ್ಕಿಕೊಂಡರೆ ಬಾಕ್ಸ್ ಬಿಗಿದು, ಓಡುತ್ತಿರುವ ಕಾರಿನ ಹಿಂದಿನ ಚಕ್ರಗಳು ನಿಂತುಬಿಡಬಹುದು. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಹೊಸ ಗೇರನ್ನೇ ಮಾಡಿಸಬಹುದು. ಆದರೆ “ಲೇತಿನಲ್ಲಿ ಕಡೆದು ಕೊಡುತ್ತೇವೆ” ಎಂದರೆ ಸಾಲದು. ಯಾವ ಉಕ್ಕು, ಇಂಗಾಲದ ಪದರ ಎಷ್ಟು ಆಳ, ಶಾಖ ಕೊಟ್ಟ ಮೇಲೆ ಗಡಸುತನ ಅಳೆದು ಬರೆದುಕೊಡುತ್ತೀರಾ ಎಂದು ಕೇಳಿ. ಇಂಥ ಗೇರ್‌ಗಳ ಹೊರಪದರ ರಾಕ್‌ವೆಲ್ ಸಿ ಮಾಪಕದಲ್ಲಿ ಸಾಮಾನ್ಯವಾಗಿ 58ರಿಂದ 62 ಇರಬೇಕು. ಈ ಪ್ರಶ್ನೆಗೆ ಮುಖ ಸಿಂಡರಿಸುವ ಕಡೆ ಕೆಲಸ ಕೊಡಬೇಡಿ.

ಎಣ್ಣೆಯ ಜಗಳ

“ಜಿಎಲ್-5 ಹಾಕಿದರೆ ಹಿತ್ತಾಳೆ ಕರಗಿಹೋಗುತ್ತದೆ” ಎಂಬ ಮಾತಿನಲ್ಲಿ ಸ್ವಲ್ಪ ಸತ್ಯ, ಸ್ವಲ್ಪ ಉಪ್ಪುಖಾರ. ಹಿಂದಿನ ಆಕ್ಸಲಿನ ಕ್ರೌನ್ ವೀಲ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉಜ್ಜುತ್ತಾ ಜಾರುತ್ತವೆ. ಆ ಒತ್ತಡ ತಾಳಲೆಂದು ಜಿಎಲ್-5 ಎಣ್ಣೆಯಲ್ಲಿ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚಿರುತ್ತವೆ. ಗಂಧಕ ಬಿಸಿಯಲ್ಲಿ ತಾಮ್ರದ ಮಿಶ್ರಲೋಹವನ್ನು ಮೆಲ್ಲಗೆ ತಿನ್ನುವುದು ನಿಜ. ಇತ್ತೀಚಿನ ಹಲವು ಎಣ್ಣೆಗಳಲ್ಲಿ ಇದನ್ನು ತಡೆಯುವ ರಾಸಾಯನಿಕಗಳೂ ಇರುವುದರಿಂದ ರಾತ್ರಿ ಬೆಳಗಾಗುವುದರಲ್ಲಿ ಏನೂ ಕರಗುವುದಿಲ್ಲ. ಆದರೆ ಇನ್ನೊಂದು ತೊಂದರೆ ಇದೆ. ಸಿಂಕ್ರೊ ರಿಂಗ್ ಕೆಲಸ ಮಾಡಲು ಉಜ್ಜುವಿಕೆ ಬೇಕು. ಎಣ್ಣೆ ಅತಿ ಜಾರಿದರೆ ಅದು ಕಚ್ಚಿ ಹಿಡಿಯದು, ಗೇರ್ ಕರ್ರ್ ಎನ್ನುತ್ತದೆ. ಆಕ್ಸಲಿಗೆ ಹಾಕುವ ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ. ಕೈಪಿಡಿ ಹೇಳಿದ್ದನ್ನೇ ಹಾಕಿ. ಎಂಜಿ ಕಾರುಗಳ ಹಳೆಯ ಬಾಕ್ಸ್‌ಗಳಿಗೆ ತಯಾರಕರು ಹೇಳಿದ್ದು ಎಂಜಿನ್ ಆಯಿಲ್! “ಗೇರ್‌ಬಾಕ್ಸಿಗೆ ದಪ್ಪ ಎಣ್ಣೆಯೇ ಒಳ್ಳೆಯದು” ಎಂದು ಅಲ್ಲಿ ಮಂದ ಎಣ್ಣೆ ಸುರಿದರೆ ಸೂಜಿ ಬೇರಿಂಗ್‌ಗಳಿಗೆ ಅದು ಸರಿಯಾಗಿ ತಲುಪದು.

ಕಾಗದಪತ್ರದ ಮಾತು

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳು ಅರ್ಹ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಮುಖ್ಯ ಷರತ್ತು, ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅದೇ ಕವಚದೊಳಗೆ ಗೇರ್ ಬದಲಿಸುವುದು ಒಂದು ಮಾತು. ಬೇರೆ ಕಾರಿನ ಬಾಕ್ಸ್ ಕೂರಿಸಲು ಚಾಸಿಯನ್ನೋ ನೆಲದ ತಗಡನ್ನೋ ಕತ್ತರಿಸುವುದು ಬೇರೆಯೇ ಮಾತು. ಗ್ಯಾಸ್ ಕಟ್ಟರ್ ಹಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮೂಲ ರೂಪದ ಕಾರು ಹೇಗಿರುತ್ತದೆಂದು ಕಣ್ಣಾರೆ ನೋಡಬೇಕಿದ್ದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವಿದೆ, ಮೈಸೂರಿನವರಿಗೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಇನ್ನೂ ಹತ್ತಿರ.

ಇಷ್ಟೆಲ್ಲ ಮಾಡಿ ಬಾಕ್ಸನ್ನು ಮತ್ತೆ ಕಾರಿಗೆ ಏರಿಸಿದ ಮೇಲೆ ಮೊದಲ 500 ಕಿ.ಮೀ. ಮೆಲ್ಲಗೆ ಓಡಿಸಿ. ಗೇರ್ ಲಿವರನ್ನು ಗುದ್ದಬೇಡಿ, ಸಿಂಕ್ರೊ ಕಚ್ಚಲು ಅರೆಕ್ಷಣ ಬಿಡಿ. ಆಮೇಲೆ ಎಂಜಿನ್ ಬಿಸಿ ಇರುವಾಗಲೇ ಎಣ್ಣೆ ಇಳಿಸಿ, ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ಹೊಸ ರಿಂಗ್‌ಗಳು ಹೊಂದಿಕೊಳ್ಳುವಾಗ ಒಂದಿಷ್ಟು ಹೊಂಬಣ್ಣದ ಪುಡಿ ಬರುವುದು ಸಹಜ. ಬೆರಳಿಗೆ ಚುಚ್ಚುವಂಥದ್ದೇನಾದರೂ ಸಿಕ್ಕರೆ ಆ ಕಾರನ್ನು ಅಲ್ಲಿಂದ ಕದಲಿಸದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.